ವೆಂಕಟರವಣಪ್ಪ ಕೇಸು ಗೆದ್ದದ್ದು

ಕೇಸು ಗೆದ್ದು ನಗೆಪಾಟಲಾದ ಮನುಷ್ಯನನ್ನು ನೀವು ನೋಡಿಲ್ಲವೆಂದರೆ ಒಂದು ಸಲ ಕಳವಾರದ ಕಡೆ ಬನ್ನಿ. ಸ್ಕಂದಗಿರಿ ಹತ್ತುವವರು ಗಾಡಿ ನಿಲ್ಲಿಸುವ ಕಡೆ ಒಂದು ಟೀ ಅಂಗಡಿ ಇದೆ. ಅಲ್ಲಿ ನಿಂತು ವೆಂಕಟರವಣಪ್ಪನ ಮನೆ ಯಾವುದು ಅಂತ ಕೇಳಿ. "ಯಾವ ಮನೆ ಬೇಕು ಸ್ವಾಮಿ? ಅವನು ಇರೋದಾ, ಅವನ ಹುಳ ಇರೋದಾ, ಇಲ್ಲಾ ಸರ್ಕಾರ ಇರು ಅಂದಿರೋದಾ?" ಎಂದು ಅಂಗಡಿಯವನು ನಗುತ್ತಾನೆ. ಬೆಂಚಿನ ಮೇಲೆ ಕೂತವರೂ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವನೊಬ್ಬ ಮೂಲೆಯಲ್ಲಿ ಹಸಿರು ಟವಲು ಸುತ್ತಿಕೊಂಡು ಕೂತಿದ್ದರೆ ಅವನೇ ವೆಂಕಟರವಣಪ್ಪ.

"ನಗ್ರಪ್ಪಾ, ನಗ್ರಿ. ಕೂತ ಕೊಂಬೆ ಕಡಿದೋರನ್ನ ಬೇಕಾದಷ್ಟು ನೋಡಿರ್ತೀರ. ವಕೀಲರನ್ನ ಇಟ್ಟು ಕಡಿಸ್ಕೊಂಡೋನು ನಾನೊಬ್ಬನೇ!" ಅನ್ನುತ್ತಾನೆ.

ಅರವತ್ತು ದಾಟಿದ ಈ ವೆಂಕಟರವಣಪ್ಪ ಬುದ್ಧಿ ಬಂದಾಗಿನಿಂದ ಮಾಡಿದ್ದು ಒಂದೇ ಕಸುಬು, ರೇಷ್ಮೆ ಹುಳು ಸಾಕುವುದು. ಹುಳು ಮನೆಯ ಮಡಿ ಅವನಷ್ಟು ಮಾಡುವವನು ಸುತ್ತಮುತ್ತ ಇಲ್ಲ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದರೂ ಬಿಟ್ಟಾನು, ಹುಳು ಮನೆಗೆ ಕಾಲು ತೊಳೆಯದೆ ಹೋಗುವ ಹಾಗಿಲ್ಲ. ಬೀಡಿ ಸೇದಿದವರು, ಹೊಗೆಸೊಪ್ಪು ಅಗಿದವರು, ಸೆಂಟು ಹೊಡೆದುಕೊಂಡವರು ಬಾಗಿಲಿನಿಂದ ಹತ್ತು ಮಾರು ಆಚೆಯೇ ನಿಲ್ಲಬೇಕು. ಮಗಳನ್ನು ನೋಡಲು ಗೌರಿಬಿದನೂರಿನಿಂದ ಬಂದ ಬೀಗರನ್ನು ಮೂಸಿ ನೋಡಿ, "ಏನೋ ಘಮ್ಮಂತೀರಲ್ಲ, ಆ ಹುಣಸೆ ಮರದ ಕೆಳಗೆ ಕೂತ್ಕೊಳಿ" ಎಂದು ದೂರ ಕೂರಿಸಿದ ಪುಣ್ಯಾತ್ಮ. ಮದುವೆ ಆಗಿದ್ದು ಹುಡುಗಿಯ ಅದೃಷ್ಟ.

ಇನ್ನು ಅವನ ಮನೆಯ ಸಮಾಚಾರ. ಅಪ್ಪನ ಕಾಲದ ಮಾಳಿಗೆ ಮನೆ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಅದರ ಮುಂದೆ ರೇಷ್ಮೆ ಇಲಾಖೆಯ ಸಬ್ಸಿಡಿಯಲ್ಲಿ ಕಟ್ಟಿಸಿದ ಶೀಟಿನ ಶೆಡ್ಡು. ಶೆಡ್ಡು ಕಟ್ಟಿಸಿದ್ದು ಹುಳುಗಳಿಗೆ. ಆದರೆ ಮೊದಲನೇ ಬೇಸಿಗೆಯಲ್ಲೇ ಶೀಟು ಕಾದು ಒಳಗೆಲ್ಲ ಒಲೆಯಾಯಿತು. ಹುಳುಗಳು ಸೊಪ್ಪು ತಿನ್ನುವುದನ್ನು ಬಿಟ್ಟು ತಲೆ ಆಡಿಸತೊಡಗಿದವು. ವೆಂಕಟರವಣಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಹುಳುಗಳನ್ನು ತಂಪಾದ ಮಾಳಿಗೆ ಮನೆಗೆ ತಂದ. ಮಂಚ, ಪಾತ್ರೆ, ಹೆಂಡತಿ ಆಂಜಿನಮ್ಮ, ಎಲ್ಲವನ್ನೂ ಶೆಡ್ಡಿಗೆ ಸಾಗಿಸಿದ.

"ಏಮಯ್ಯಾ, ಹುಳಕ್ಕೆ ಮಾಳಿಗೆ, ನನಗೆ ಶೀಟಾ?" ಎಂದು ಆಂಜಿನಮ್ಮ ಸೊಂಟದ ಮೇಲೆ ಕೈ ಇಟ್ಟು ಕೇಳಿದ್ದಳು.

"ಹುಳ ಸತ್ತೋಗ್ತವೆ ಕಣೇ. ನಾವೇನ್ ಸಾಯಲ್ಲ" ಎಂದಿದ್ದ.

ಅಂದಿನಿಂದ ಹಾಗೆಯೇ ನಡೆದುಬಂತು. ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹುಳು ಸಾಕುವವರ ಮನೆಗಳಲ್ಲಿ ಮೊದಲಿನಿಂದಲೂ ಒಳಗೆ ಹುಳು, ಜಗಲಿಯಲ್ಲಿ ಜನ. ಕಾಗದದಲ್ಲಿ ಯಾವುದಕ್ಕೆ ಏನು ಹೆಸರಿದೆ ಅಂತ ನೋಡಿದವರು ಯಾರು?

ಆ ಮಾಳಿಗೆ ಮನೆಯ ಗೋಡೆಗೆ ಅಂಟಿಕೊಂಡೇ ತಮ್ಮ ಮುನಿವೆಂಕಟಪ್ಪನ ಹುಳು ಮನೆ ಇತ್ತು. ಇಟ್ಟಿಗೆಯದು, ಎತ್ತರದ ಹೆಂಚಿನದು. ಅಣ್ಣ ತಮ್ಮ ಭಾಗವಾದರೂ ನಡುವೆ ಗೋಡೆ ಒಂದೇ. ತಮ್ಮ ತೀರಿಕೊಂಡ ಮೇಲೆ ಅದು ಮಗಳು ಕಲ್ಯಾಣಿಗೆ ಬಂತು. ದೊಡ್ಡಪ್ಪನ ಹೆಗಲ ಮೇಲೆ ಕೂತು ಹಿಪ್ಪುನೇರಳೆ ತೋಟ ಸುತ್ತಿದ ಹುಡುಗಿ ಅವಳು. ಚಿಕ್ಕಬಳ್ಳಾಪುರದಲ್ಲಿ ಓದಿ, ಹೈವೇ ಪಕ್ಕದ ಒಂದು ಹೋಟೆಲಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಬಂದವರನ್ನು ನೋಡಿಕೊಳ್ಳುವುದು ಹೇಗೆಂದು ಕಲಿತು ಬಂದಳು. ಬೆಟ್ಟ ಹತ್ತಲು ಬರುವವರಿಗೆ ಉಳಿದುಕೊಳ್ಳಲು ಜಾಗವಿಲ್ಲ, ಅಪ್ಪನ ಹುಳು ಮನೆ ಖಾಲಿ ಬಿದ್ದಿದೆ, ಅದನ್ನೇ ಹೋಮ್‌ಸ್ಟೇ ಮಾಡೋಣ ಅಂತ ಲೆಕ್ಕ ಹಾಕಿದಳು. ಯೋಜನಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಅಲೆದು, ಹುಳು ಮನೆಯನ್ನು ವಸತಿಗೆ ಬಳಸಲು ಪರ್ಮಿಷನ್ನೂ ತಂದಳು.

ಪ್ರಾರಂಭೋತ್ಸವಕ್ಕೆ ಕರೆಯಲು ಹೊಸ ಸೀರೆ ಉಟ್ಟು ಬಂದಾಗ ವೆಂಕಟರವಣಪ್ಪ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ.

"ದೊಡ್ಡಪ್ಪ, ಒಳಗೆ ಬರ್ಲಾ?"

"ಸೆಂಟ್ ಹೊಡ್ಕೊಂಡಿದೀಯ. ಅಲ್ಲೇ ನಿಂತ್ಕೋ."

ಅವಳು ನಿಂತಳು. ಅವನು ಸೊಪ್ಪು ಹಾಕಿ ಮುಗಿಸಿ ಬರುವುದರೊಳಗೆ ಬಾಗಿಲ ಬಳಿಯ ಕಲ್ಲಿನ ಮೇಲೆ ಎಲೆ ಅಡಿಕೆ ಇಟ್ಟು ಹೊರಟುಹೋಗಿದ್ದಳು. ಅಷ್ಟು ಹೊತ್ತು ನಿಲ್ಲಿಸಬಾರದಿತ್ತು ಅಂತ ಅವನಿಗೂ ಅನ್ನಿಸಿತು. ಆದರೆ ತಮ್ಮನ ಹುಳು ಮನೆಯನ್ನು ಲಾಡ್ಜು ಮಾಡುತ್ತಿದ್ದಾಳೆ ಎಂಬ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಪ್ರಾರಂಭಕ್ಕೆ ಹೋಗಲಿಲ್ಲ. ಆಂಜಿನಮ್ಮ ಹೋಗಿ ಹೋಳಿಗೆ ತಿಂದು ಬಂದಳು.

ಮುಂದಿನ ಬೆಳೆಯ ಹೊತ್ತಿಗೆ ಕೇಡು ಬಂತು. ಬೆಟ್ಟಕ್ಕೆ ಬಂದ ಹುಡುಗರು ಸೊಳ್ಳೆ ಕಾಟವೆಂದು ನಡುಗೋಡೆಯ ಬುಡದಲ್ಲೇ ಸೊಳ್ಳೆ ಬತ್ತಿ ಹಚ್ಚಿಟ್ಟು ನೆಲದ ಮೇಲೆ ಮಲಗಿದರು. ಸೊಳ್ಳೆ ಬತ್ತಿಯ ಹೊಗೆ ಎಂದರೆ ರೇಷ್ಮೆ ಹುಳುವಿಗೆ ಯಮ. ಸೂರಿನ ಸಂದಿನಿಂದ ಹೊಗೆ ಈ ಕಡೆ ಇಳಿಯಿತು. ಬೆಳಿಗ್ಗೆ ನೋಡಿದರೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಹಸಿರು ನೀರು ಕಕ್ಕಿಕೊಂಡು ಸುರುಟಿ ಬಿದ್ದಿದ್ದವು. ವೆಂಕಟರವಣಪ್ಪ ತಟ್ಟೆಗಳ ಮಧ್ಯೆ ಕುಕ್ಕರಗಾಲಲ್ಲಿ ಕೂತು ಮಗುವಿನ ಹಾಗೆ ಅತ್ತ. ಇದನ್ನು ಮಾತ್ರ ಅವನು ಟೀ ಅಂಗಡಿಯಲ್ಲಿ ಹೇಳುವುದಿಲ್ಲ.

ಕಲ್ಯಾಣಿ ಓಡಿ ಬಂದಳು. "ತಪ್ಪಾಯ್ತು ದೊಡ್ಡಪ್ಪ. ಇನ್ಮೇಲೆ ಒಬ್ರಿಗೂ ಬತ್ತಿ ಹಚ್ಚೋಕೆ ಬಿಡಲ್ಲ, ಎಲ್ರಿಗೂ ಪರದೆ ಕೊಡ್ತೀನಿ" ಎಂದಳು. ಹೇಳಿದ ಹಾಗೆ ಸೊಳ್ಳೆ ಪರದೆ ತಂದಳು, ಸೂರಿನ ಸಂದು ಮುಚ್ಚಿಸಿದಳು. ಆಮೇಲೆ ಒಂದು ದಿನವೂ ಹೊಗೆ ಬರಲಿಲ್ಲ. ಆದರೆ ನಮ್ಮ ವೀರ ಅಷ್ಟರಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ವಕೀಲ ಭಾನುಪ್ರಕಾಶರ ಮುಂದೆ ಕೂತಾಗಿತ್ತು.

ಭಾನುಪ್ರಕಾಶ್ ಸಮಾಧಾನದ ಮನುಷ್ಯ. ಕಾಗದ ನೋಡಿ, "ಪರ್ಮಿಷನ್ ಕೊಡೋ ಮುಂಚೆ ಪಕ್ಕದವರಾದ ನಿಮ್ಮನ್ನ ಕರೆದು ಕೇಳಿಲ್ಲ. ಹೈಕೋರ್ಟಲ್ಲಿ ಇದು ನಿಲ್ಲುತ್ತೆ. ಆಮೇಲೆ, ಏನು ಬೇಕು ಅಂತ ಕೇಳಣ?" ಎಂದರು.

ವೆಂಕಟರವಣಪ್ಪನಿಗೆ ಜೀವನದಲ್ಲಿ ಮೊದಲ ಸಲ ಓದಿದವರೊಬ್ಬರು ಪೆನ್ನು ಹಿಡಿದು ಅವನ ಮಾತಿಗೆ ಕಾಯುತ್ತಿದ್ದರು. ಮೈಮೇಲೆ ಬಂದಂತಾಯಿತು. "ಬರ್ಕೊಳಿ ಸ್ವಾಮಿ. ಯಾವ ಕಟ್ಟಡ ಯಾವುದಕ್ಕೆ ಅಂತ ಸರ್ಕಾರದ ಕಾಗದದಲ್ಲಿದೆಯೋ ಅದು ಅದಕ್ಕೇ ಇರ್ಬೇಕು. ಹುಳು ಮನೇಲಿ ಹುಳಾನೇ ಇರ್ಬೇಕು, ಮನುಷ್ಯ ಇರಬಾರದು. ಈ ಸರ್ವೆ ನಂಬರಲ್ಲಿ ಒಂದು ಕಟ್ಟಡಾನೂ ಬಿಡಬಾರದು!"

"ಒಂದೂ ಬಿಡಬಾರದು ಅಂದ್ರೆ ನಿಮ್ಮದೂ ಸೇರುತ್ತೆ, ಯಜಮಾನ್ರೇ."

"ಸೇರ್ಲಿ ಬಿಡಿ! ನಮ್ದೇನಿದೆ ಮುಚ್ಚುಮರೆ?"

ಈ ಮಾತು ಹೇಳಿ ಎದೆ ಮೇಲೆ ಟವಲು ಹಾಕಿಕೊಂಡ ಗತ್ತನ್ನು ಇವತ್ತು ಅವನೇ ನಟಿಸಿ ತೋರಿಸುತ್ತಾನೆ.

ಪರದೆ ಬಂತು, ಹೊಗೆ ಹೋಯಿತು, ಇನ್ನು ಕೇಸು ಯಾತಕ್ಕೆ ಅಂತ ಆಂಜಿನಮ್ಮ ದಿನಕ್ಕೊಂದು ಸಲ ಕೇಳಿದಳು. "ಹಾಕಿದ ಕೇಸು ವಾಪಸ್ ತಗೊಂಡ್ರೆ ಜನ ಏನಂತಾರೆ?" ಎಂಬುದು ಅವನ ಉತ್ತರ. ಜನ ಏನೂ ಅನ್ನುತ್ತಿರಲಿಲ್ಲ. ಜನಕ್ಕೆ ಅವರವರ ಕೆಲಸವಿತ್ತು. ಬೆಂಗಳೂರಿಗೆ ಹೋದ, ಬಂದ. ಕಲ್ಯಾಣಿಯೂ ಹೋದಳು, ಬಂದಳು. ಒಂದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅವಳು, ಹಿಂದಿನ ಸೀಟಿನಲ್ಲಿ ಇವನು. ದೇವನಹಳ್ಳಿ ದಾಟುವಾಗ ಅವಳು ಹಿಂದೆ ತಿರುಗದೆಯೇ ಕಡಲೆಕಾಯಿ ಪೊಟ್ಟಣ ಚಾಚುತ್ತಿದ್ದಳು. ಇವನು ಮಾತಾಡದೆಯೇ ತೆಗೆದುಕೊಂಡು ತಿನ್ನುತ್ತಿದ್ದ.

ಕೊನೆಗೆ ಹೈಕೋರ್ಟು ಕಲ್ಯಾಣಿಯ ಪರ್ಮಿಷನ್ ರದ್ದು ಮಾಡಿತು. ಸ್ಥಳಕ್ಕೆ ಹೋಗಿ, ಎರಡೂ ಕಡೆಯವರನ್ನು ಕೇಳಿ, ಅರ್ಜಿದಾರರು ಕೋರಿದಂತೆ ಆ ಸರ್ವೆ ನಂಬರಿನ ಎಲ್ಲಾ ಕಟ್ಟಡಗಳನ್ನೂ ಪರಿಶೀಲಿಸಿ ಹೊಸದಾಗಿ ತೀರ್ಮಾನ ಮಾಡಿ ಎಂದು ಪ್ರಾಧಿಕಾರಕ್ಕೆ ಹೇಳಿತು. ವೆಂಕಟರವಣಪ್ಪ ಊರಿಗೆಲ್ಲ ಬೂಂದಿ ಹಂಚಿದ.

ಪರಿಶೀಲನೆಗೆ ಶೋಭಾರಾಣಿ ಎಂಬ ಅಧಿಕಾರಿ ಬಂದರು. ಕೈಯಲ್ಲಿ ಫೈಲು, ಹಿಂದೆ ಟೇಪು ಹಿಡಿದ ಸಹಾಯಕ. ವೆಂಕಟರವಣಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಮುಂದೆ ನಿಂತ. ಕಲ್ಯಾಣಿ ಸ್ವಲ್ಪ ಹಿಂದೆ ನಿಂತಿದ್ದಳು.

"ಇದ್ಯಾವ ಕಟ್ಟಡ?"

"ಹುಳು ಮನೆ ಮೇಡಂ. ನಮ್ಮಪ್ಪ ಕಟ್ಟಿದ್ದು. ಈ ಬಿಸಿಲಲ್ಲೂ ಒಳಗೆ ತಣ್ಣಗಿರುತ್ತೆ."

ಶೋಭಾರಾಣಿ ಫೈಲು ತಿರುವಿದರು. "ಇಲ್ಲಿ ವಾಸದ ಮನೆ ಅಂತಿದೆಯಲ್ಲ?"

"ಇತ್ತು ಮೇಡಂ, ಒಂದು ಕಾಲದಲ್ಲಿ. ಈಗ ಒಬ್ರೂ ವಾಸ ಇಲ್ಲ. ಬರೀ ಹುಳ."

"ಹಾಗಾದ್ರೆ ನೀವೆಲ್ಲಿರ್ತೀರ?"

ಹಿಂದಿನಿಂದ ಕಲ್ಯಾಣಿ ಕೆಮ್ಮಿದಳು. "ದೊಡ್ಡಪ್ಪ, ಮೇಡಂಗೆ ಮಜ್ಜಿಗೆ ತನ್ನಿ ಮೊದ್ಲು" ಎಂದಳು. ಅವನ ಪಂಚೆಯ ಅಂಚು ಹಿಡಿದು ಎಳೆದಳು. ಸೋಲುವ ಹೆದರಿಕೆಗೆ ಹುಡುಗಿ ನನ್ನ ಬಾಯಿ ಮುಚ್ಚಿಸುತ್ತಿದ್ದಾಳೆ ಅಂದುಕೊಂಡ ಆ ಮಹಾನುಭಾವ!

"ಮಜ್ಜಿಗೆ ಆಮೇಲೆ ಕುಡಿಯಣ. ನಿಜ ಹೇಳೋವಾಗ ಅಡ್ಡ ಬರ್ಬೇಡ ಕಣಮ್ಮ" ಎಂದು ಗದರಿ, "ನಾವು ಅಗೋ, ಆ ಶೀಟಿನ ಶೆಡ್ಡಲ್ಲಿರ್ತೀವಿ ಮೇಡಂ. ಹುಳ ಸಾಕೋಕೆ ಅಂತ ಸಬ್ಸಿಡಿ ಕೊಟ್ಟು ಕಟ್ಸಿದ್ದು. ಹುಳಕ್ಕೆ ಒಗ್ಗಲಿಲ್ಲ, ನಮಗೆ ಒಗ್ತು" ಎಂದು ನಕ್ಕ.

"ಅಂದ್ರೆ ವಾಸದ ಮನೇನ ಹುಳು ಮನೆ ಮಾಡಿದೀರ, ಹುಳು ಮನೇನ ವಾಸದ ಮನೆ ಮಾಡಿದೀರ. ಪರ್ಮಿಷನ್ ಇದೆಯಾ?"

"ನಮ್ಮನೆಗೆ ನಾವ್ಯಾಕ್ ಪರ್ಮಿಷನ್ ತಗೋಬೇಕು ಮೇಡಂ?"

ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಆಂಜಿನಮ್ಮ ಹಣೆಗೆ ಕೈ ಹೊಡೆದುಕೊಂಡಳು. ಶೋಭಾರಾಣಿ ಬರೆಯುತ್ತಲೇ, "ಕಲ್ಯಾಣಿ ಅವರಾದ್ರೂ ತಗೊಂಡಿದ್ರು" ಎಂದರು. ಆಗ ನೋಡಿ, ವೆಂಕಟರವಣಪ್ಪನ ತಲೆಯೊಳಗೆ ಏನೋ ಧಡ್ ಅಂತ ಬಿತ್ತು. ತಿರುಗಿ ಕಲ್ಯಾಣಿಯ ಮುಖ ನೋಡಿದ. ಅವಳು ನಗುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

ಆದೇಶ ಬಂತು. ಭಾನುಪ್ರಕಾಶ್ ಫೋನು ಮಾಡಿ, "ಗೆದ್ರಿ ಯಜಮಾನ್ರೇ. ನೀವು ಕೇಳಿದ್ದನ್ನೆಲ್ಲ ಕೊಟ್ಟಿದಾರೆ" ಎಂದು ಉಳಿದದ್ದನ್ನು ಓದಿದರು. ಹೋಮ್‌ಸ್ಟೇ ಮುಚ್ಚಬೇಕು. ಆ ಕಟ್ಟಡದಲ್ಲಿ ರೇಷ್ಮೆ ಹುಳು ಬಿಟ್ಟು ಬೇರೇನೂ ಇರಬಾರದು. ವೆಂಕಟರವಣಪ್ಪ ದಂಪತಿ ಮಾಳಿಗೆ ಮನೆಯಲ್ಲಿ ವಾಸ ಮಾಡಬೇಕು, ಹುಳುಗಳನ್ನು ಶೆಡ್ಡಿಗೆ ಸಾಗಿಸಬೇಕು. ಒಂದು ವಾರದಲ್ಲಿ ಮಾಡದಿದ್ದರೆ ಎರಡಕ್ಕೂ ಬೀಗ.

ಅದು ಏಪ್ರಿಲ್ ತಿಂಗಳು. ಮಧ್ಯಾಹ್ನ ಶೆಡ್ಡಿನಲ್ಲಿ ಆಂಜಿನಮ್ಮನೇ ಒದ್ದೆ ಟವಲು ಹೊದ್ದು ಕೂರುತ್ತಿದ್ದಳು. ಅಲ್ಲಿಗೆ ಹುಳು ಹೋದರೆ ಬೆಳೆ ಮುಗಿಯಿತು. ಈ ಬೆಳೆ ಅಷ್ಟೇ ಅಲ್ಲ, ಮುಂದಿನದೂ, ಅದರ ಮುಂದಿನದೂ. ಈ ವಯಸ್ಸಿನಲ್ಲಿ ಬೇರೆ ಏನು ಕಸುಬು ಗೊತ್ತು ಅವನಿಗೆ? ಹುಳುಗಳ ಮುಂದೆ ನಿಂತ. ಅವು ತಮ್ಮ ಪಾಡಿಗೆ ಸೊಪ್ಪು ತಿನ್ನುತ್ತಿದ್ದವು. "ತಿನ್ನಿ, ತಿನ್ನಿ. ನಿಮ್ಮ ಯಜಮಾನ ಕೇಸು ಗೆದ್ದಿದಾನೆ" ಎಂದ. ನಗಬೇಕೆಂದು ಹೊರಟ ಬಾಯಿ ಸೊಟ್ಟಗಾಯಿತು.

"ಕಲ್ಯಾಣಿ ಹತ್ರ ಹೋಗಿ ಕೇಳು" ಎಂದಳು ಆಂಜಿನಮ್ಮ.

"ಯಾವ ಮುಖ ಇಟ್ಕೊಂಡ್ ಹೋಗ್ಲಿ?"

"ಇನ್ನೊಂದ್ ಮುಖ ಇದೆಯಾ ನಿನಗೆ? ಇರೋದನ್ನೇ ತಗೊಂಡ್ ಹೋಗು."

ಹೋಗುವ ಕೆಲಸ ಬೀಳಲಿಲ್ಲ. ಮಾರನೆಯ ಬೆಳಿಗ್ಗೆ ಕಲ್ಯಾಣಿಯೇ ಬಂದು ಹುಳು ಮನೆಯ ಬಾಗಿಲಿನಿಂದ ಹತ್ತು ಮಾರು ಆಚೆ, ಅವನು ಹಿಂದೆ ನಿಲ್ಲಿಸಿದ ಜಾಗದಲ್ಲೇ ನಿಂತಳು. ಹಳೆಯ ಸೀರೆ, ಕೈಯೆಲ್ಲ ಸುಣ್ಣ.

"ದೊಡ್ಡಪ್ಪ, ಸರ್ಕಾರ ನಮ್ದು ಹುಳು ಮನೆ ಅಂತ ಹೇಳಿದೆ. ನನ್ನ ಹತ್ರ ಹುಳ ಇಲ್ಲ. ನಿಮ್ಮ ಹತ್ರ ಇವೆ. ಎತ್ಕೊಂಡ್ ಬನ್ನಿ."

ವೆಂಕಟರವಣಪ್ಪ ಹಿಂದೆ ತಿರುಗಿ ನೋಡಿದ. ಆಂಜಿನಮ್ಮ ಆಗಲೇ ಮೊದಲ ತಟ್ಟೆ ಎತ್ತಿಯಾಗಿತ್ತು.

ಆವತ್ತು ಅವನು ಮೊದಲ ಸಲ ಆ ಹೋಮ್‌ಸ್ಟೇಗೆ ಕಾಲಿಟ್ಟ. ಅದರ ಮೇಲೆ ಇಷ್ಟು ಕಾಲ ಕೇಸು ನಡೆಸಿದವನು ಒಳಗೆ ಹೇಗಿದೆ ಅಂತಲೇ ನೋಡಿರಲಿಲ್ಲ! ಮುಂದಿನ ಎರಡು ಕೋಣೆಗಳಲ್ಲಿ ಬಣ್ಣ ಬಳಿದ ಗೋಡೆ, ಒಂದರ ಮೇಲೊಂದು ಜೋಡಿಸಿದ ಮಂಚ, ಕಿಟಕಿಗೆ ಪರದೆ. ಕಲ್ಯಾಣಿ ಅಲ್ಲಿ ನಿಲ್ಲದೆ ಮೂರನೆಯದಕ್ಕೆ, ಅವನ ಮನೆಯ ಗೋಡೆಗೆ ಅಂಟಿದ ದೊಡ್ಡ ಕೋಣೆಗೆ ಕರೆದುಕೊಂಡು ಹೋದಳು. ಅದರಲ್ಲಿ ಮಂಚವಿರಲಿಲ್ಲ, ಬಣ್ಣವಿರಲಿಲ್ಲ. ತಮ್ಮ ಮುನಿವೆಂಕಟಪ್ಪ ಮಾಡಿಸಿದ್ದ ಬಿದಿರಿನ ಅಟ್ಟಣಿಗೆಗಳು ಹಾಗೇ ನಿಂತಿದ್ದವು. ಹೊಸದಾಗಿ ಸುಣ್ಣ ಹೊಡೆದ ವಾಸನೆ ಬರುತ್ತಿತ್ತು.

"ಇಷ್ಟು ದೊಡ್ಡ ಕೋಣೆ ಯಾಕಮ್ಮ ಖಾಲಿ ಬಿಟ್ಟಿದ್ದೆ?"

"ಗೋಡೆ ಆಚೆ ನಿಮ್ಮ ಹುಳ ಇದ್ವಲ್ಲ ದೊಡ್ಡಪ್ಪ. ಆ ಬೆಳೆ ಹೋದ್ಮೇಲೆ ಇಲ್ಲಿ ಒಬ್ರನ್ನೂ ಮಲಗಿಸ್ಲಿಲ್ಲ."

ಅವನ ಕೈಯಲ್ಲಿ ತಟ್ಟೆಯಿತ್ತು. ಕೆಳಗಿಡಲು ಗೊತ್ತಾಗದೆ ಹಿಡಿದುಕೊಂಡೇ ನಿಂತ. ಈ ಕೋಣೆಯ ಗದ್ದಲಕ್ಕೆ ನನ್ನ ಹುಳುಗಳು ಸೊರಗುತ್ತಿವೆ ಅಂತ ಅವನು ಕೋರ್ಟಿಗೆ ಪ್ರಮಾಣ ಮಾಡಿ ಹೇಳಿದ್ದ. ಅವಳೂ ಅಲ್ಲೇ ಕೂತಿದ್ದಳು, ಒಂದು ಮಾತು ಆಡಿರಲಿಲ್ಲ. ಬಸ್ಸಿನಲ್ಲಿ ತಿಂದ ಕಡಲೆಕಾಯಿಯೆಲ್ಲ ಆ ಗಳಿಗೆಯಲ್ಲಿ ನೆನಪಾಯಿತು. ತುಂಬ ನಾಚಿಕೆಯಾಯಿತು ಅವನಿಗೆ.

ಹುಳುಗಳೆಲ್ಲ ಬಂದವು. ಅಟ್ಟಣಿಗೆ ಸಾಲದೆ ಉಳಿದ ತಟ್ಟೆಗಳು ಮಂಚದ ಮೇಲೆ, ಮೇಲಿನ ಮಂಚದ ಮೇಲೆ ಹತ್ತಿದವು. ಎರಡು ದಿನಕ್ಕೆ ನಾಲ್ಕನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಮುಂಚೆ ಹುಳುಗಳು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿಕೊಂಡು ಸುಮ್ಮನಿರುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಆಗ ಅವುಗಳನ್ನು ಮುಟ್ಟುವ ಹಾಗಿಲ್ಲ. ವೆಂಕಟರವಣಪ್ಪನಿಗೂ ಮಾಡಲು ಕೆಲಸವಿರಲಿಲ್ಲ. ಮಾಳಿಗೆ ಮನೆಯ ಬರಿ ನೆಲದ ಮೇಲೆ ಮಲಗಿದರೆ ತಂಪೇನೋ ತಂಪು, ನಿದ್ದೆ ಮಾತ್ರ ಇಲ್ಲ. ಬಸ್ಸು ಹತ್ತಿ ಭಾನುಪ್ರಕಾಶರ ಹತ್ತಿರ ಹೋದ.

"ಈ ಆರ್ಡರ್ ತೆಗೆಸ್ಬೇಕು ಸ್ವಾಮಿ. ಕಲ್ಯಾಣಿ ಹೋಮ್‌ಸ್ಟೇ ಮತ್ತೆ ತೆಗೀಬೇಕು."

ಭಾನುಪ್ರಕಾಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಕೇಳಿದ್ದನ್ನೇ ಕೊಟ್ಟಿದಾರೆ. ಗೆದ್ದೋರು ಹೋಗಿ ನನ್ನ ಗೆಲುವು ಬೇಡ ಅಂದ್ರೆ ಯಾವ ಕೋರ್ಟ್ ಕೇಳುತ್ತೆ? ಸೋತೋರು ಹೋಗ್ಬೇಕು. ಕಲ್ಯಾಣಿ ಕೇಸ್ ಹಾಕಿ, ನಿಮ್ಮನ್ನ ಎದುರುದಾರ ಮಾಡಿ, ನೀವು ಬಂದು ನನ್ನ ಅಭ್ಯಂತರ ಏನಿಲ್ಲ ಅಂದ್ರೆ ದಾರಿ ಇದೆ. ಆದ್ರೆ ಆ ಹುಡುಗಿ ನನಗೆ ಕೋರ್ಟೇ ಬೇಡ ಅಂದ್ಬಿಟ್ಲಂತಲ್ಲ? ಹೈವೇ ಹೋಟೆಲ್ಲಿಗೆ ವಾಪಸ್ ಕೆಲಸಕ್ಕೆ ಹೋಗ್ತಾಳಂತೆ."

ಅಲ್ಲಿಂದ ಊರಿನ ತನಕ ಅವನು ಕಿಟಕಿ ಪಕ್ಕ ಕೂತು ಏನೇನು ಹೇಳಬೇಕೆಂದು ಜೋಡಿಸಿಕೊಂಡ. ಹಿರಿಯನ ಹಾಗೆ ಗಂಭೀರವಾಗಿ ಶುರು ಮಾಡಬೇಕು, ಹಳೆಯದು ಎತ್ತಬಾರದು, ತಮ್ಮನ ಹೆಸರು ಹೇಳಬೇಕು. ಬಸ್ಸು ಇಳಿದು ನೇರ ಅವಳ ಬಾಗಿಲಿಗೆ ಹೋದ. ಅವಳು ಒಳಗೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದಳು. ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು.

"ನನ್ನ ಮೇಲೆ ಕೇಸ್ ಹಾಕಮ್ಮ" ಎಂದ.

ಕಲ್ಯಾಣಿ ತಲೆ ಎತ್ತಿದಳು.

"ನಿನ್ನ ಕಾಲಿಗ್ ಬೀಳ್ತೀನಿ ಮಗಳೇ, ಒಂದೇ ಒಂದ್ ಕೇಸ್ ಹಾಕು. ನಾನು ಗೆದ್ದು ಹಾಳಾಗೋದೆ. ನಿನ್ನನ್ನೂ ಹಾಳ್ ಮಾಡ್ದೆ. ನೀನು ಹೋಟೆಲ್ಲಿಗೆ ಹೋಗ್ಬೇಡ. ಇಲ್ಲೇ ಇರು. ಆ ದೊಡ್ಡ ಕೋಣೇಲೂ ಜನಾನ್ ಇಟ್ಕೋ, ನಾನು ಬೇಕಾದ್ರೆ ಗೋಡೆ ಆಚೆ ಇನ್ನೊಂದು ಗೋಡೆ ಕಟ್ಕೋತೀನಿ."

"ಕೋರ್ಟಲ್ಲಿ ಏನಂತೀರ?"

"ನಾನು ಮೂರ್ಖ ಅಂತೀನಿ."

"ಅದು ಅವರಿಗೆ ಗೊತ್ತಿದೆ ದೊಡ್ಡಪ್ಪ." ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು. "ಹಾಕ್ತೀನಿ. ಆದ್ರೆ ಈ ಸಲ ನೀವು ಸೋಲ್ಬೇಕು. ಮಧ್ಯದಲ್ಲಿ ರೋಷ ಬಂದು ಗೆದ್ಬಿಟ್ರೆ ನಾನು ಸುಮ್ನಿರಲ್ಲ. ಸೋಲೋಕ್ ಬರುತ್ತಾ ನಿಮಗೆ?"

"ಬರಲ್ಲಮ್ಮ" ಎಂದ ವೆಂಕಟರವಣಪ್ಪ, ಇದ್ದದ್ದನ್ನು ಇದ್ದ ಹಾಗೆ. "ಕಲೀತೀನಿ."

ಅಷ್ಟು ಹೇಳಿ ಸಮಾಧಾನದಿಂದ ಹೊಸಿಲ ಮೇಲೆ ಕಾಲಿಡಲು ಹೋದ. ಕಲ್ಯಾಣಿ ಸೊಪ್ಪಿನ ಕಟ್ಟು ಬಿಟ್ಟು ಎದ್ದು ಬಂದು, ಮೂಗು ಮುಂದೆ ಮಾಡಿ ಮೂಸಿದಳು. ಬಸ್ಸಿನಲ್ಲಿ ತಲೆನೋವೆಂದು ಅವನು ಹಣೆಗೆ ಮುಲಾಮು ಹಚ್ಚಿಕೊಂಡಿದ್ದ.

"ಅಲ್ಲೇ ನಿಂತ್ಕೊಳಿ. ಹುಳ ಜ್ವರ ಎದ್ದಿವೆ. ಹೋಗಿ ಸ್ನಾನ ಮಾಡಿ, ಕಾಲು ತೊಳ್ಕೊಂಡು ಬನ್ನಿ, ಸೊಪ್ಪು ಹಾಕಣ."

ವೆಂಕಟರವಣಪ್ಪ ಇಟ್ಟ ಕಾಲು ಹಿಂದಕ್ಕೆ ತೆಗೆದ. ಬಾಗಿಲಿನಿಂದ ಹತ್ತು ಮಾರು ದೂರ ಬಂದು ಟವಲಿನಿಂದ ಹಣೆ ಒರೆಸಿಕೊಂಡ, ಅದರ ಜೊತೆಗೆ ಕಣ್ಣನ್ನೂ.

"ಆಯ್ತಮ್ಮ" ಎಂದು ಕೂಗಿ, ಬಚ್ಚಲಿನ ಕಡೆ ಹೊರಟ.